ಬಾತ ಕಾಲು

ಶಿರೂರು
೮ ಜುಲೈ ೨೦೨೩

ಸುಧಾರಾಣಿ ಅಪ್ಪಾರಿಗೆ ಮಲ್ಲಮ್ಮನ ನಮಸ್ಕಾರ.

ನಾವು ಎಲ್ಲಾರೂ ಆರಾಮ ಅದೇವಿ. ಅತ್ತಿಯವರು ಮೊನ್ನೆ ಹಲ್ಲು ಕೀಳಿಸಿಕೊಂಡ್ರು, ಈಗ ರೊಟ್ಟಿ ಹಾಲಾಗ ನೆನಸಿ ತಿಂತಾರ. ನಿಮ್ಮ ತಮ್ಮ ಕಲ್ಲೇಶ ಕುರಿ ಹೊಡಕೊಂಡು ಹೊಳಿ ದಂಡಿಗುಂಟ ಹೋಗ್ಯಾನ. ಸುಧಾ ಒಂಬತ್ತನೇತ್ತಾ ಆದ್ಲು, ಲೆಕ್ಕದಾಗ ಚಲೋ ಅದಾಳಂತ ಮಾಸ್ತರು ಹೇಳಿದ್ರು.

ಈ ತಿಂಗಳ ಭೆಟ್ಟಿಗೆ ಬರೂದು ಆಗಲಿಲ್ಲ, ಸಿಟ್ಟಾಗಬ್ಯಾಡ್ರಿ. ನೀವು ಜೈಲಿಗೆ ಹೋಗಿ ಎರಡು ವರ್ಷ ಆತು, ಒಂದ ತಿಂಗಳೂ ತಪ್ಪಿಸಿದಾಕಿ ಅಲ್ಲ ನಾ. ಆದ್ರ ನನ್ನ ಕಾಲು ಬಾತಾವ. ಸಾಲಿ ಬಿಸಿಯೂಟದ ಅಡಿಗಿ ಮನ್ಯಾಗ ನಿಂತು ನಿಂತು ಹಿಂಗ ಆಗೇತಿ ಅಂತ ಎಲ್ಲಾರೂ ಅಂತಾರ. ಹರಡಿನ ಎಲುಬು ಕಾಣಸೂದಿಲ್ಲ. ಬೆರಳಿಲೇ ಒತ್ತಿದರ ತಗ್ಗು ಬಿದ್ದು ಹಂಗ ಉಳೀತೈತಿ. ಚಪ್ಪಲಿ ಹಿಡಿಯವಲ್ವು. ಇಷ್ಟು ಬಾತರೂ ಕಾಲು ತಣ್ಣಗ ಇರ್ತಾವ, ಬಿಸಲಾಗ ಕುಂತರೂ ತಣ್ಣಗ. ಸುಧಾ ಮುಟ್ಟಿ, "ಯವ್ವಾ, ನೀರಿನ ಹರವಿ ಮುಟ್ಟಿದಂಗ ಆಗತೈತಿ" ಅಂದ್ಲು.

ನಿಮ್ಮ ಫೋನು ಕಲ್ಲೇಶನ ನಂಬರಿಗೆ ಬರತೈತಿ. ಅವ ಕುರಿ ಹಿಂದ ಇರ್ತಾನ, ನನ್ನ ಕೈಗೆ ಸಿಗೂದಿಲ್ಲ. ಅದಕ್ಕ ಪತ್ರಾನ ಪಾಡ ಅನಸತೈತಿ. ಆದ್ರ ನಿಮ್ಮ ಕೈಗೆ ಕೊಡೂಕಿಂತ ಮೊದಲ ಅಲ್ಲಿ ಸಾಹೇಬರು ಓದತಾರಂತ. ನಾಚಿಕಿ ಬರ್ತೈತಿ. ಮನಸಿನಾಗಿದ್ದದ್ದು ಅರ್ಧಾ ಅಲ್ಲೇ ಉಳೀತೈತಿ.

ನಿಮ್ಮ
ಮಲ್ಲಮ್ಮ


ಬಿಜಾಪುರ ಜೈಲು
೨೦ ಜುಲೈ ೨೦೨೩

ಮಲ್ಲಮ್ಮಗ ಬೀರಲಿಂಗಪ್ಪ ಬರಿಯೂದು.

ಭೆಟ್ಟಿ ದಿನ ಎಲ್ಲಾರ ಹೆಸರು ಕೂಗಿದ್ರು, ನನ್ನ ಹೆಸರು ಕೂಗಲಿಲ್ಲ. ಸಂಜಿತನಾ ಬಾಗಲಾ ನೋಡಕೋತ ಕುಂತಿದ್ದೆ. ಜೋಡಿ ಇರೂ ಮಂದಿ ನಕ್ಕರು. ಆಮ್ಯಾಲ ನಿನ್ನ ಪತ್ರ ಮುಟ್ಟಿತು.

ಕಾಲು ಬಾತರ ಉಪ್ಪು ಹಾಕಿದ ಬಿಸಿನೀರಾಗ ಇಡು, ಎಳ್ಳೆಣ್ಣಿ ತಿಕ್ಕು. ಅದು ದೊಡ್ಡ ಬ್ಯಾನಿ ಅಲ್ಲ. ನಮ್ಮವ್ವ ಹುಟ್ಟಿದಾಗಿಂದ ಹೊಲದಾಗ ನಿಂತಾಕಿ, ಒಂದ ದಿನ ಕಾಲು ಅಂದಿಲ್ಲ.

ಅಮೀನಗಡ ಕುರಿ ಸಂತ್ಯಾಗ ಅವತ್ತ ನಾ ಬಡಿಗಿ ಎತ್ತಿದೆ, ಆ ಮನಿಶ್ಯಾ ಸತ್ತ, ನನಗ ಹತ್ತು ವರ್ಷದ ಶಿಕ್ಷಾ ಆತು. ಇಲ್ಲಿ ಕುಂತವಗ ನೀ ಬರೂ ದಿನ ಬಿಟ್ಟರ ಬ್ಯಾರೆ ಹಬ್ಬ ಇಲ್ಲ. ಮುಂದಿನ ತಿಂಗಳ ತಪ್ಪಿಸಬ್ಯಾಡ. ಆ ನೀಲಿ ಇಳಕಲ್ ಸೀರಿ ಉಟಗೊಂಡು ಬಾ. ರೊಟ್ಟಿ ಜೋಡಿ ತಿನ್ನಾಕ ಗುರೆಳ್ಳ ಹಿಂಡಿ ತಗೊಂಡು ಬಾ. ಯಾರ ಜೋಡಿ ಬರ್ತಿ, ಯಾವ ಬಸ್ಸಿಗೆ ಬರ್ತಿ ಅಂತ ಮೊದಲ ಬರಿ. ಒಬ್ಬಾಕೆ ತಿರಗ್ಯಾಡಬ್ಯಾಡ.

ಬೀರಲಿಂಗಪ್ಪ


ಶಿರೂರು
೧೭ ಸೆಪ್ಟೆಂಬರ್ ೨೦೨೩

ಸುಧಾರಾಣಿ ಅಪ್ಪಾರಿಗೆ ಮಲ್ಲಮ್ಮನ ನಮಸ್ಕಾರ.

ಶ್ರಾವಣದಾಗೂ ಬರೂದಾಗಲಿಲ್ಲ. ಸಾಲ್ಯಾಗ ರಜಾ ಕೊಡವಲ್ರು. ಸೀರಿ ಮಡಚಿ ಇಟ್ಟೇನಿ, ಬರುವಾಗ ಉಟಗೊಂಡ ಬರ್ತೇನಿ.

ಕಾಲಿಗೆ ತೋರಿಸಿಕೊಂಡು ಬಂದೆ. ಜೋಹರಾ ನಿಮಗ ಗೊತ್ತಲ್ರಿ, ನನ್ನ ಜೋಡಿ ಬಿಸಿಯೂಟ ಮಾಡಾಕಿ, ಅಕಿ ಒತ್ತಾಯ ಮಾಡಿ ಬಾಗಲಕೋಟಿಗೆ ಕರಕೊಂಡು ಹೋದ್ಲು. ನಮ್ಮೂರ ಲಕ್ಷ್ಮಣನ ಟಂಟಂ ಗಾಡ್ಯಾಗ ಹೋಗಿ ಬಂದ್ವಿ. ನಿಶ್ಶಕ್ತಿ ಐತಿ ಅಂತ ಗುಳಿಗಿ ಕೊಟ್ಟಾರ. ಮತ್ತೇನಿಲ್ಲ. ಊಟ ಸೇರೂದಿಲ್ಲ, ಹುಳಿ ಏನರ ಇದ್ದರ ಎರಡು ತುತ್ತು ಹೋಗತೈತಿ. ಅತ್ತಿ "ಏನವಾ ಬಸರಿ ಹೆಂಗಸಿನಂಗ ಮಾಡ್ತಿ" ಅಂತ ಚಾಷ್ಟಿ ಮಾಡ್ತಾರ.

ನೀವು ಚಿಂತಿ ಮಾಡಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಉಣ್ಣರಿ.

ನಿಮ್ಮ
ಮಲ್ಲಮ್ಮ


ಬಿಜಾಪುರ ಜೈಲು
೨೯ ಅಕ್ಟೋಬರ್ ೨೦೨೩

ಮಲ್ಲಮ್ಮಗ,

ಈ ತಿಂಗಳೂ ನೀ ಬರಲಿಲ್ಲ. ಯಾಕ ಬರಲಿಲ್ಲ ಅನ್ನೂದು ನಿನ್ನೆ ಗೊತ್ತಾತು. ಕಲ್ಲೇಶನ ಜೋಡಿ ಫೋನಿನ್ಯಾಗ ಮಾತಾಡಿದೆ. ಹೆಂಗ ಅದಾಳೋ ನಿಮ್ಮತ್ತಿಗಿ ಅಂತ ಕೇಳಿದೆ. ಅವ ಕುರಿ ಮಾತು ತಗದ. ಹೇಳಲೇ ಅಂದೆ. "ಅಣ್ಣಾ, ನಾ ಹೇಳಿದರ ಕೆಟ್ಟ ಆಗತೇನಿ" ಅಂದ. ಆಮ್ಯಾಲ ಹೇಳಿದ. ನಿನ್ನ ಕಾಲಷ್ಟ ಅಲ್ಲ, ಹೊಟ್ಟೀನೂ ಬಂದೈತಂತ. ನಾಕು ಹೆಜ್ಜಿ ನಡದರ ತೇಕತಿಯಂತ. ಗ್ವಾಡಿಗೆ ಆನಿಕೊಂಡು ಕುಂತ ಮಕ್ಕೋತಿಯಂತ. ಹುಣಸಿಕಾಯಿ ತಿಂತಿಯಂತ.

ನಮ್ಮವ್ವ ಏಳು ಹಡದಾಕಿ. ಹೆಂಗಸರ ಕಾಲು ಯಾವಾಗ ಬಾಯ್ತಾವ ಅಂತ ನೀ ನನಗ ಕಲಸಬ್ಯಾಡ. ಸುಧಾ ಹೊಟ್ಟ್ಯಾಗಿದ್ದಾಗೂ ನಿನ್ನ ಕಾಲು ಹಿಂಗ ಬಾತಿದ್ದು, ನಾನ ಎಣ್ಣಿ ತಿಕ್ಕೇನಿ.

ನಾ ಒಳಗ ಬಂದು ಎರಡು ವರ್ಷದ ಮ್ಯಾಲಾತು ಮಲ್ಲಮ್ಮ. ಸಾಲಿ ಓದಿದಾಕಿ ನೀ, ಲೆಕ್ಕಾ ನೀನ ಮಾಡು.

ಲಕ್ಷ್ಮಣನ ಟಂಟಂ ಅಂತ ನೀನ ಬರದಿ. ಜೋಹರಾನ್ನ ಮುಂದ ಮಾಡಿಕೊಂಡು ಯಾವ ದವಾಖಾನಿಗೆ ಹೋಗಿದ್ದಿ, ಏನು ತೋರಸಾಕ ಹೋಗಿದ್ದಿ, ಮನಿದೇವ್ರು ಬೀರಪ್ಪನ ಮ್ಯಾಲೆ ಆಣಿ ಮಾಡಿ ಬರಿ.

ಬೀರಲಿಂಗಪ್ಪ


ಶಿರೂರು
೧೦ ನವೆಂಬರ್ ೨೦೨೩

ಸುಧಾರಾಣಿ ಅಪ್ಪಾರಿಗೆ,

ಬೀರಪ್ಪನ ಆಣಿ, ನಾ ಯಾವ ತಪ್ಪೂ ಮಾಡಿಲ್ಲ. ಸಾಹೇಬರು ಓದಿದರೂ ಓದಲಿ, ಈಗ ಎಲ್ಲಾ ಬರೀತೇನಿ.

ನನ್ನ ಎದಿ ಕೆಟ್ಟೈತಿ. ಬಾಗಲಕೋಟಿ ದವಾಖಾನ್ಯಾಗ ಎದಿಗೆ ತಂತಿ ಹಚ್ಚಿ ಪಟ ತಗದ್ರು. ಡಾಕ್ಟರಬಾಯಿ ಕೇಳಿದ್ರು, "ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿದ್ದುವೇನು?" ಹೌದ್ರಿ, ಚೊಳಚಗುಡ್ಡದಾಗ ತವರಮನ್ಯಾಗ ಇದ್ದಾಗ, ನಾಕನೇತ್ತಾ ಓದತಿದ್ದೆ, ತಿಂಗಳಾನಗಟ್ಟಲೆ ಮಕ್ಕೊಂಡಿದ್ದೆ ಅಂದೆ. ಆ ಜ್ವರ ಕೀಲು ಬಿಟ್ಟು ಹೃದಯಕ್ಕ ಹೋಗೇತಂತ. ಹೃದಯದ ಒಂದು ಬಾಗಲಾ ಬಿಗಿ ಆಗೇತಂತ, ಅದಕ್ಕ ಬಡಿತ ತಾಳ ತಪ್ಪೇತಿ. ಒಮ್ಮೆ ಹಕ್ಕಿ ಪಟಪಟ ಅಂದಂಗ ಓಡತೈತಿ, ಒಮ್ಮೆ ನಿಂತು ನಿಂತು ಬಡೀತೈತಿ. ರಕ್ತ ಪೂರಾ ಮುಂದ ಹೋಗೂದಿಲ್ಲ, ಅದಕ್ಕ ಕಾಲು ತಣ್ಣಗ. ನೀರು ಕೆಳಗ ಇಳದು ನಿಲ್ಲತೈತಿ, ಅದಕ್ಕ ಬಾವು. ಹೊಟ್ಟ್ಯಾಗಿರೂದೂ ಅದ ನೀರು. ಕೂಸಲ್ಲ.

ಗುಳಿಗಿ ಎರಡು ಥರದ್ದು ಕೊಟ್ಟಾರ. ಒಂದು ನೀರು ಇಳಸೂದು, ಒಂದು ರಕ್ತ ತೆಳ್ಳಗ ಮಾಡೂದು. "ಈ ಎರಡನೇದ್ದು ಒಂದ ದಿನಾನೂ ಬಿಡಬ್ಯಾಡವಾ" ಅಂತ ಡಾಕ್ಟರಬಾಯಿ ನನ್ನ ಕೈ ಹಿಡದು ಹೇಳಿದ್ರು. ಬಿಟ್ಟರ ಹೃದಯದಾಗ ರಕ್ತ ಹೆಪ್ಪಗಟ್ಟಿ, ಹರಕೋತ ಹೋಗಿ ಎಲ್ಲಿ ಬೇಕಾದಲ್ಲಿ ಸಿಗಬೀಳತೈತಂತ. ಬ್ಯಾಸಗಿ ಮುಂದ ಆಪರೇಷನ್ ಮಾಡಿ ಬಾಗಲಾ ಅಗಲ ಮಾಡೂಣು ಅಂದಾರ.

ನಿಮಗ ಯಾಕ ಹೇಳಲಿಲ್ಲ ಅಂದ್ರ, ಮಾವನವರು ಎದಿ ಹಿಡಕೊಂಡು ಹೊಲದಾಗ ಬಿದ್ದಾಗ ನೀವು ಹೆಂಗ ಆಗಿದ್ರಿ ಅಂತ ನೋಡೇನಿ. ಒಳಗ ಕುಂತ ಮನಿಶ್ಯಾಗ ಇದನ್ನ ಯಾಕ ಹೇಳೂದು ಅಂತ ಸುಮ್ಮನಾದೆ. ಅಷ್ಟ ನನ್ನ ತಪ್ಪು.

ಅಲ್ಲಿ ಜೈಲಿಗೂ ಡಾಕ್ಟರು ಬರ್ತಾರಲ್ರಿ. ಅವರನ್ನ ಒಮ್ಮೆ ಕೇಳ್ರಿ, ಎದಿ ಕೆಟ್ಟರ ಕಾಲು ಬಾಯ್ತಾವೇನು ಅಂತ. ಅವರು ಹೇಳಿದ್ದು ಕೇಳಿ ಆಮ್ಯಾಲ ನನಗ ಬರೀರಿ. ಕೈ ಮುಗೀತೇನಿ.

ಮಲ್ಲಮ್ಮ


ಬಿಜಾಪುರ ಜೈಲು
೨ ಡಿಸೆಂಬರ್ ೨೦೨೩

ಮಲ್ಲಮ್ಮ,

ಡಾಕ್ಟರನ್ನ ನಾ ಕೇಳೂದಿಲ್ಲ. "ಸಾಹೇಬ್ರ, ನನ್ನ ಹೆಂಡತಿ ಹೊಟ್ಟಿ ಬಂದೈತಿ, ಅದು ನೀರೋ ಕೂಸೋ" ಅಂತ ನಾಕು ಮಂದಿ ಮುಂದ ಕೇಳಿ ನಗಿಗೇಡ ಆಗಲೇನು? ಬಾಜೂಕ ಮಕ್ಕೊಳ್ಳೂ ಮುದಕಗ ನಿನ್ನ ಪತ್ರ ಓದಿ ತೋರಿಸಿದೆ. ಅವ ಎಷ್ಟೊತ್ತನಾ ನಕ್ಕ. "ತಾಳ ತಪ್ಪಿದ್ದು ಎದಿ ಅಲ್ಲೋ ತಮ್ಮಾ" ಅಂದ.

ಚಲೋ ಕತಿ ಕಟ್ಟಿ. ಹೃದಯಕ್ಕ ಬಾಗಲಾ ಅಂತ. ಯಾರ ಕೈಯಾಗ ಬರಸಿದಿ?

ಕಲ್ಲೇಶಗ ಹೇಳೇನಿ. ಇನ್ನ ಮುಂದ ನೀ ಯಾವ ಗಾಡಿನೂ ಹತ್ತೂದಿಲ್ಲ. ಆ ಜೋಹರಾ ನಮ್ಮ ಅಂಗಳಕ್ಕ ಕಾಲಿಡೂದಿಲ್ಲ. ಸಾಲಿ ಕೆಲಸಾ ಬಿಡು. ಆ ಗುಳಿಗಿ ಎಂಥಾವು ಅಂತ ನನಗ ಗೊತ್ತೈತಿ. ರಕ್ತ ತೆಳ್ಳಗ ಮಾಡೂದಂತ. ಹೊಟ್ಟ್ಯಾಗಿಂದು ರಕ್ತ ಮಾಡಿ ತಗೀಬೇಕಂತ ಮಾಡಿದ್ದು ಅವು. ಹಂಗ ಬಿಡೂದಿಲ್ಲ. ಅದು ಹೊರಗ ಬರಲಿ, ಊರು ನೋಡಲಿ, ಆಮ್ಯಾಲ ನೀ ಅದನ್ನ ಬಗಲಾಗ ಇಟಗೊಂಡು ಎಲ್ಲಿ ಬೇಕಾದಲ್ಲಿ ಹೋಗು. ಗುಳಿಗಿ ಎಲ್ಲಾ ಕಸಗೋ ಅಂತ ಅವ್ವಗ ಹೇಳೇನಿ.

ಇನ್ನೊಂದು ಮಾತು. ಇಷ್ಟು ದಿನಾ ನಾ ಯೋಚನಿ ಮಾಡಿದ್ದಿಲ್ಲ. ಸುಧಾರಾಣಿ ಮುಖಾ ನಮ್ಮ ಮನ್ಯಾಗ ಯಾರ ಮುಖಾ? ನನ್ನಂಗಿಲ್ಲ, ನಮ್ಮವ್ವನಂಗಿಲ್ಲ. ಅಕಿನ್ನ ಎದುರಿಗೆ ಕುಂದರಿಸಿಕೊಂಡು ಒಮ್ಮೆ ನೋಡು. ನಿನಗರ ಗೊತ್ತಿದ್ದೀತು.

ಬೀರಲಿಂಗಪ್ಪ


ಬಿಜಾಪುರ ಜೈಲು
೧೫ ಜನವರಿ ೨೦೨೪

ಮಲ್ಲಮ್ಮ,

ಸಂಕ್ರಮಣ ಆತು. ನಿನ್ನ ಉತ್ತರ ಇಲ್ಲ. ಖರೆ ಇದ್ದಾಕಿ ಆದ್ರ ಮತ್ತೊಂದು ಪತ್ರ ಬರೀತಿದ್ದಿ. ಬಾಯಿ ಕಟ್ಟಿತು ಅಂದ್ರ ಒಪ್ಪಿಕೊಂಡಂಗ.

ನಮ್ಮವ್ವನ ಜೋಡಿ ಮಾತಾಡಿದೆ. ಗುಳಿಗಿ ಒಲಿಗೆ ಹಾಕಿದ್ಲಂತ. ನೀ ಒಲ್ಯಾಗ ಕೈ ಹಾಕಾಕ ಹೋಗಿದ್ದಿಯಂತ. ಅಷ್ಟು ಆಶಾ ಐತಿ ಅವುಗಳ ಮ್ಯಾಲೆ. ದೇವರ ಜಗಲಿ ಇರೂ ಮನ್ಯಾಗ ನೀ ಮಕ್ಕೊಳ್ಳೂದು ಬ್ಯಾಡ ಅಂತ ಕುರಿದಡ್ಡ್ಯಾಗ ಹಾಸಿ ಕೊಟ್ಟಾಳಂತ. ಚಲೋ ಮಾಡ್ಯಾಳ. ಕುರಿಗೋಳು ಬೆಚ್ಚಗ ಇರ್ತಾವ, ನಿನ್ನ ತಣ್ಣಗಿನ ಕಾಲಿಗೆ ಪಾಡ.

ಹೊಟ್ಟಿ ಇನ್ನಾ ದಪ್ಪ ಆಗೇತಂತ. ಯಾವ ತಿಂಗಳು?

ಬೀರಲಿಂಗಪ್ಪ


ಬಿಜಾಪುರ ಜೈಲು
೨೦ ಮಾರ್ಚ್ ೨೦೨೪

ಮಲ್ಲಮ್ಮ,

ಕಲ್ಲೇಶ ಈಗ ನನ್ನ ಫೋನು ತಗೊಂಡರೂ ಮಾತಾಡವಲ್ಲ. ನೀ ದವಾಖಾನ್ಯಾಗ ಇದ್ದಿ ಅಂದ. ಯಾರು ಒಯ್ದರು ಅಂದೆ. ಲಕ್ಷ್ಮಣ ಅಂದ. ಮುಂದ ಏನೂ ಹೇಳಲಿಲ್ಲ, ಇಟ್ಟ.

ಹೇಳಬೇಕಾದ್ದು ಹೇಳಿದಂಗ ಆತು.

ಬಾಳಂತಿ ಆದ್ಯೇನು? ಗಂಡೋ ಹೆಣ್ಣೋ? ಹೆಸರು ಏನಿಟ್ರಿ?

ಬೀರಲಿಂಗಪ್ಪ


ಚೊಳಚಗುಡ್ಡ
೬ ಮೇ ೨೦೨೪

ಗಂಡೋ ಹೆಣ್ಣೋ ಅಂತ ಕೇಳಿದ್ರಿ. ಹೊರಗ ಬಂದದ್ದು ಕಾಲು. ಬಲಗಾಲು, ಮೊಣಕಾಲಿನ ಕೆಳಗಿಂದು.

ನಾ ಈಗ ನಮ್ಮಣ್ಣ ಹಣಮೇಶನ ಮನ್ಯಾಗ ಅದೇನಿ. ಕುಂತು ಬರಿಯಾಕ ಈಗ ಬರತೈತಿ, ಅದಕ್ಕ ಬರಿಯಾಕತ್ತೇನಿ. ಆದದ್ದು ಆದಂಗ ಬರೀತೇನಿ.

ನಿಮ್ಮ ಡಿಸೆಂಬರದ ಪತ್ರ ಅಂಚಿಯವ ಸುಧಾನ ಕೈಯಾಗ ಕೊಟ್ಟ. ನನಗ ಸಂಜಿಗೆ ಕಣ್ಣು ಮಂಜು ಅಂತ ಯಾವಾಗೂ ಅಕಿನ ಓದಿ ಹೇಳತಿದ್ಲು. ಅವತ್ತ ಅರ್ಧಾ ಓದಿ ನಿಂತಳು. "ಮುಂದಿಂದು ಓದಾಕ ಬರವಲ್ದು ಯವ್ವಾ, ಅಕ್ಷರ ಚಲೋ ಇಲ್ಲ" ಅಂದ್ಲು. ನಾ ಇಸಗೊಂಡು ಓದಿದೆ. ಅಕ್ಷರ ಚಲೋನ ಇದ್ದು.

ಅತ್ತಿ ಗುಳಿಗಿ ಚೀಲ ಒಲಿಗೆ ಹಾಕಿದಾಗ ನಾ ತಗೊಳ್ಳಾಕ ಹೋದೆ, ಊದುಗೊಳವಿಲೇ ಕೈಮ್ಯಾಲೆ ಹೊಡದ್ರು. ಜೋಹರಾ ಹಿತ್ತಲ ಬೇಲಿ ಮ್ಯಾಲಿಂದ ಮತ್ತ ತಂದು ಕೊಟ್ಟಳು. ಹಾಸಿಗಿ ಕೆಳಗ ಮುಚ್ಚಿಟ್ಟಿದ್ದೆ, ಅವನ್ನೂ ಹುಡುಕಿ ತಗದ್ರು. ಕಲ್ಲೇಶ ಅಕಿ ಗಂಡನ ಮುಂದ ಹೋಗಿ ಏನೇನೋ ಅಂದ, ಅಕಿನೂ ಬರೂದು ನಿಂತಿತು. ನಮ್ಮಣ್ಣಗ ಸುದ್ದಿ ಹೇಳಂತ ಯಾರ್ಯಾರಿಗೋ ಹೇಳಿ ಕಳಸಿದೆ, ಮುಟ್ಟಲಿಲ್ಲ. ನಡದು ಹೋಗೂಣು ಅಂದ್ರ ದಡ್ಡಿಯಿಂದ ಬಚ್ಚಲಕ್ಕ ಹೋಗೂದ್ರಾಗ ದಮ್ಮು ಹತ್ತತಿತ್ತು. ಹೊಟ್ಟಿ ಬಿಗಿದು ಬಗ್ಗಾಕ ಬರತಿದ್ದಿಲ್ಲ. ಓಣಿ ಹೆಂಗಸರು ನೀರಿಗೆ ಹೋಗುವಾಗ ದಡ್ಡಿ ಗ್ವಾಡಿ ಮ್ಯಾಲಿಂದ ಇಣಿಕಿ ನನ್ನ ಹೊಟ್ಟಿ ನೋಡಿ ಹೋಗತಿದ್ರು.

ಶಿವರಾತ್ರಿ ಆದ ಮರುದಿನ ಮುಂಜಾನೆ ಬಲಗಾಲು ಕೊಡಲಿಲೇ ಕಡದಂಗ ನೋವಾತು. ಚೀರಿದೆ. ಸ್ವಲ್ಪ ಹೊತ್ತಿಗೆ ನೋವು ತಾನ ನಿಂತಿತು, ಕಾಲೂ ಇಲ್ಲದಂಗಾತು. ಸುಣ್ಣ ಬಳದಂಗ ಬೆಳ್ಳಗ ಇತ್ತು. ಬಟ್ಟು ಅಲಗ್ಯಾಡಸಾಕ ಬರಲಿಲ್ಲ. "ಅತ್ತಿ, ನನ್ನ ಕಾಲು ಸತ್ತೈತ್ರಿ" ಅಂದೆ. ಅವರು ಬಂದು ನೋಡಿದ್ರು. "ನಾಟಕ ಮಾಡ್ತಿ, ಹೊರಗ ಹೋಗಾಕ ಹಾದಿ ಹುಡುಕತಿ" ಅಂದ್ರು. ಒಲಿಮ್ಯಾಲಿನ ಕುದಿನೀರು ಚರಗ್ಯಾಗ ತಂದು ಕಾಲಮ್ಯಾಲೆ ಸುರುವಿದ್ರು. ಜೀವ ಇದ್ದರ ಜಗ್ಗತಾಳ ಅಂತ.

ನಾ ಜಗ್ಗಲಿಲ್ಲ. ನನಗ ಗೊತ್ತ ಆಗಲಿಲ್ಲ. ನನ್ನ ಚರ್ಮ ಸುಲದು ಮ್ಯಾಲೆ ಏಳೂದನ್ನ ಮಂದಿದು ನೋಡಿದಂಗ ನೋಡಿದೆ. ಆಗ ಅತ್ತಿಗೆ ಹೆದರಿಕಿ ಆತು. ಆದ್ರೂ ಕಲ್ಲೇಶ ಕುರಿ ಬಿಟ್ಟು ಬರೂತನಕ ಯಾರನ್ನೂ ಕರೀಬಾರದು ಅಂತ ಬಾಗಲಾ ಮುಂದ ಕುಂತರು. ಸುಧಾ ಸಾಲಿಯಿಂದ ಬಂದು ನೋಡಿ, ಗ್ವಾಡಿ ಜಿಗದು ಜೋಹರಾನ ಮನಿಗೆ ಓಡಿದ್ಲು. ನೀವು ಸಂಶಯ ಮಾಡಿದ ಲಕ್ಷ್ಮಣ ಬಂದು ನನ್ನ ಎತ್ತಿ ಗಾಡ್ಯಾಗ ಹಾಕಿದ. ಅವನ ಹೆಂಡತಿ ಹಿಂದ ಕುಂತು ನನ್ನ ತಲಿ ತೊಡಿಮ್ಯಾಲೆ ಇಟಗೊಂಡಿದ್ಲು. ಅಷ್ಟೊತ್ತಿಗೆ ಕಾಲು ನೀಲಿ ಆಗಿತ್ತು.

ಹೃದಯದಾಗ ಕಟ್ಟಿದ ಹೆಪ್ಪು ಬಂದು ಕಾಲಿನ ನರದಾಗ ಕುಂತಿತ್ತಂತ. ಮುಂಜಾನೆ ತಂದಿದ್ರ ಅದನ್ನ ತಗದು ಕಾಲು ಉಳಸತಿದ್ವಿ ಅಂದ್ರು. "ಆ ಗುಳಿಗಿ ಬಿಡಬ್ಯಾಡ ಅಂತ ಹೇಳಿದ್ದೆ, ಯಾಕ ಬಿಟ್ಟಿ?" ಅಂತ ಡಾಕ್ಟರಬಾಯಿ ಕೇಳಿದ್ರು. ಸುಧಾ ಹೇಳಿದ್ಲು, "ನಮ್ಮಪ್ಪ ಬಿಡಸ್ಯಾನ್ರಿ."

ಹೊಟ್ಟ್ಯಾಗಿನ ನೀರು ಸೂಜಿ ಹಾಕಿ ತಗದ್ರು. ಬಕೀಟಿನ್ಯಾಗ ಇತ್ತು, ನಿಂಬಿಹಣ್ಣಿನ ಬಣ್ಣದ್ದು. ಕಲ್ಲೇಶ ಅವತ್ತ ನೋಡಾಕ ಬಂದಿದ್ದ. ಬಕೀಟು ನೋಡಿ ಹೊರಗ ಹೋದವ ಮತ್ತ ಬರಲಿಲ್ಲ. ನೀವು ಕೇಳಿದ್ದಕ್ಕ ಅವ ಯಾಕ ಉತ್ತರ ಕೊಡಲಿಲ್ಲ ಅಂತ ಈಗ ಗೊತ್ತಾಗಿರಬೇಕು.

ಮಲ್ಲಮ್ಮ


ಬಿಜಾಪುರ ಜೈಲು
೧ ಜೂನ್ ೨೦೨೪

ಮಲ್ಲಮ್ಮಗ ಬೀರಲಿಂಗಪ್ಪ ಬರಿಯೂದು.

ಪತ್ರ ಓದಿದೆ. ಆದದ್ದು ಆಗಿ ಹೋಗೇತಿ. ಹಣೇಬಾರ, ಯಾರೇನು ಮಾಡಾಕ ಬರತೈತಿ.

ನೀ ಮೊದಲ ನಿಶ್ಶಕ್ತಿ ಅಂತ ಸುಳ್ಳು ಬರದಿ. ಆ ಪತ್ರದಾಗ ಎದಿ ಅಂತ ಬರದಿದ್ರ ನಾ ಯಾಕ ಹಂಗ ತಿಳಕೋತಿದ್ದೆ? ನೀ ಮುಚ್ಚಿಟ್ಟಿ, ಅದಕ್ಕ ಇಷ್ಟೆಲ್ಲಾ ಆತು. ಇದನ್ನ ನೀನೂ ವಿಚಾರ ಮಾಡು. ಒಳಗಿದ್ದ ಗಂಡಸಿನ ಮನಸು ಹೆಂಗ ಇರತೈತಿ ಅಂತ ಹೊರಗಿನವರಿಗೆ ತಿಳಿಯೂದಿಲ್ಲ.

ಈಗ ಮುಖ್ಯ ಮಾತು. ಹಣಮೇಶ ನಮ್ಮವ್ವನ ಮ್ಯಾಲೆ ಕೇಸು ಮಾಡ್ತೇನಿ ಅಂತ ಬಾದಾಮಿ ತುಂಬ ಹೇಳಿಕೋತ ತಿರಗಾಕತ್ಯಾನಂತ. ಮಾಡಗೊಡಬ್ಯಾಡ. ಅಕಿ ವಯಸಾದಾಕಿ, ಹಲ್ಲಿಲ್ಲ, ಜೈಲಿನ ರೊಟ್ಟಿ ತಿನ್ನೂದು ಆಗೂದಿಲ್ಲ. ಅಕಿಗೇನು ಗೊತ್ತಿತ್ತು ಕಾಲು ಸತ್ತೈತಿ ಅಂತ. ಕೇಸಾದ್ರ ನನ್ನ ಹೆಸರೂ ಬರತೈತಿ, ಚಲೋ ನಡತಿ ಅಂತ ಲಗೂನ ಬಿಡೂದಿದ್ದರ ಅದೂ ತಪ್ಪತೈತಿ. ಒಂದು ಕಾಲು ಹೋಗೇತಿ, ಜೀವ ಉಳದೈತಲ್ಲ. ನಾ ಹೊರಗ ಬಂದ ಮ್ಯಾಲೆ ನೋಡೂಣಂತ.

ನಮ್ಮವ್ವಗ ಈಗ ರೊಟ್ಟಿ ಬಡದು ಹಾಕಾಕ ಯಾರೂ ಇಲ್ಲ. ಸುಧಾನ್ನ ಶಿರೂರಿಗೆ ಕಳಸು.

ಬೀರಲಿಂಗಪ್ಪ


ಬಿಜಾಪುರ ಜೈಲು
೧೪ ಸೆಪ್ಟೆಂಬರ್ ೨೦೨೫

ನನ್ನ ಮಲ್ಲವ್ವಗ,

ವರ್ಷದ ಮ್ಯಾಲಾತು, ನಿನ್ನ ಒಂದು ಅಕ್ಷರ ಇಲ್ಲ. ನೀ ಇಳಕಲ್ಲಿನ್ಯಾಗ ಅದಿ ಅಂತ ಗೊತ್ತಾಗಿ ಈ ಪತ್ರ ಅಲ್ಲಿಗೆ ಹಾಕೇನಿ. ಮುಟ್ಟಿದರ ಓದು, ಹರೀಬ್ಯಾಡ.

ನಮ್ಮವ್ವ ತೀರಿಕೊಂಡಳು. ಮಣ್ಣು ಮಾಡಿದ ಮ್ಯಾಲೆ ನನಗ ಹೇಳಿದ್ರು ನೋಡು. ಕಲ್ಲೇಶ ಮನಿ ತನ್ನ ಹೆಸರಿಗೆ ಮಾಡಿಕೊಂಡಾನ. ನನ್ನ ಫೋನು ತಗೊಳ್ಳೂದಿಲ್ಲ. ಹಿಂದ ಅವ ಹೇಳಿದ್ದೆಲ್ಲಾ ಯಾತಕ್ಕ ಹೇಳಿದ್ದ ಅಂತ ಈಗ ತಿಳೀತು. ನಾ ಅವನ ಮಾತು ಕೇಳಿದೆ. ಅವ ನನ್ನ ದಿಕ್ಕು ತಪ್ಪಿಸಿದ ಮಲ್ಲವ್ವಾ.

ನೀ ಕೇಸು ಮಾಡಲಿಲ್ಲ. ನಿನ್ನ ಮನಸು ದೊಡ್ಡದು.

ಪೆರೋಲಿಗೆ ಅರ್ಜಿ ಹಾಕೇನಿ. ಅವ್ವನ ಗದ್ದಿಗಿಗೆ ಒಮ್ಮೆ ಕೈ ಮುಗಿದು ಬರ್ತೇನಿ, ಅಷ್ಟ. ಆದ್ರ ಹೊರಗ ಬಂದವಗ ಇರಾಕ ಒಂದು ಮನಿ ಬೇಕು, ಇಟಗೋತೇವಿ ಅನ್ನೂ ಮಂದಿ ಬೇಕು. ನಿನ್ನ ಹೆಸರು, ನಿನ್ನ ವಿಳಾಸ ಕೊಟ್ಟೇನಿ. ಪೊಲೀಸರು ಬಂದು ಕೇಳತಾರ. "ಹೌದು, ನನ್ನ ಗಂಡ, ನನ್ನ ಕಡೆ ಇರ್ತಾನ" ಅಂತ ಒಂದು ಮಾತು ಅನ್ನು. ನಾ ಬಂದು ನಿನ್ನ ಎತಗೊಂಡು ಓಡ್ಯಾಡತೇನಿ, ನಿನ್ನ ಕಾಲು ನಾನ ಆಗತೇನಿ. ಸುಧಾನ್ನ ನೋಡಬೇಕು. ನನ್ನ ಮಗಳು ಈಗ ಎಷ್ಟು ಎತ್ತರ ಆಗ್ಯಾಳೋ.

ನನಗ ನಿನ್ನ ಬಿಟ್ಟರ ಯಾರದಾರ.

ನಿನ್ನ
ಬೀರಲಿಂಗಪ್ಪ


ಇಳಕಲ್
೨ ನವೆಂಬರ್ ೨೦೨೫

ಬೀರಲಿಂಗಪ್ಪಗ,

ಪತ್ರ ಮುಟ್ಟಿತು. ಪೊಲೀಸರೂ ಬಂದು ಹೋದ್ರು.

ನಾ ಇಲ್ಲಿ ಜೋಹರಾನ ದೊಡ್ಡವ್ವ ಸಾಯಿಮಾ ಅವರ ಮನ್ಯಾಗ ಅದೇನಿ. ಅಣ್ಣನ ಮನ್ಯಾಗ ಯಾರೂ ಏನೂ ಅನಲಿಲ್ಲ, ಆದ್ರ ಬಚ್ಚಲಕ್ಕ ಹೋಗಬೇಕಂದರೂ ಅವನ ಹೆಂಡತಿನ್ನ ಕರೀಬೇಕಾಗತಿತ್ತು. ಇಲ್ಲಿ ನೆಲದ ಮ್ಯಾಲೆ ಕುಂತು ರಾಟಿ ತಿರುವಿ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತತೇನಿ. ಕೈ ಇದ್ದರ ಸಾಕು. ರಕ್ತ ತೋರಸಾಕ ತಿಂಗಳಿಗೊಮ್ಮೆ ಹುನಗುಂದಕ್ಕ ಹೋಗ್ತೇನಿ. ಎದಿ ಆಪರೇಷನ್ ಆತು, ಆದ್ರ ತಾಳ ಕೂಡಿ ಬರಲಿಲ್ಲ. ಉಳದ ಎಡಗಾಲು ಸಂಜಿಗೆ ಈಗೂ ಬಾಯ್ತೈತಿ. ಸುಧಾ ಕಾಲೇಜಿನಿಂದ ಬಂದು ಅದನ್ನ ದಿಂಬಿನ ಮ್ಯಾಲೆ ಎತ್ತಿ ಇಟ್ಟು ಓದಾಕ ಕುಂದರತಾಳ. ಎಷ್ಟು ಎತ್ತರ ಆಗ್ಯಾಳ ಅಂತ ನಿಮಗ ಹೇಳಬ್ಯಾಡ ಅಂದಾಳ.

ಕೇಸು ಮಾಡಲಿಲ್ಲ ಅಂತ ನನ್ನ ಮನಸು ದೊಡ್ಡದು ಮಾಡಬ್ಯಾಡ್ರಿ. ಕೋರ್ಟಿನ ಮೆಟ್ಟಲು ಹತ್ತಾಕ ಆಗಲಿಲ್ಲ, ಅಷ್ಟ. ಅತ್ತಿ ಸತ್ತದ್ದು ಕೇಳಿದೆ. ಅಳು ಬರಲಿಲ್ಲ. ಕೈಯಾನ ಕಂಡಿಕಿ ಮುಗಿಸಿ ಇನ್ನೊಂದು ಹಚ್ಚಿದೆ.

ಕಲ್ಲೇಶ ದಿಕ್ಕು ತಪ್ಪಿಸಿದ ಅಂತ ಬರದಿರಿ. ಅವ ನನ್ನ ಕಾಲು ಬಾತಾವ, ಹೊಟ್ಟಿ ಬಂದೈತಿ ಅಂತ ಹೇಳಿದ್ದ. ಅದು ಖರೆನ ಇತ್ತು. ಉಳದದ್ದು ನೀವು ಬರದದ್ದು.

ಪೊಲೀಸರ ಮಾತು ಹೇಳತೇನಿ. ಇಬ್ಬರು ಬಂದಿದ್ರು. ಒಬ್ಬ ವಯಸಾದವ, ಕಟ್ಟಿಮ್ಯಾಲೆ ಕುಂತ. ಸಾಯಿಮಾ ಚಹಾ ಕೊಟ್ಟರು. ಮೊದಲ ಶಿರೂರಿಗೆ ಹೋಗಿದ್ರಂತ, ಕಲ್ಲೇಶ ಬಾಗಲದಾಗ ನಿಂತು "ಇಲ್ಲಿ ಬರೂದು ಬ್ಯಾಡ" ಅಂದನಂತ. ಅದಕ್ಕ ನನ್ನ ಕಡೆ ಬಂದ್ರು.

"ಬೀರಲಿಂಗಪ್ಪ ನಿಮ್ಮ ಗಂಡನೇನ್ರಿ" ಅಂದ. ಹೌದ್ರಿ ಅಂದೆ.

"ಪೆರೋಲ್ ಮ್ಯಾಲೆ ಬಿಟ್ಟರ ನಿಮ್ಮ ಮನ್ಯಾಗ ಇಟಗೋತೀರೇನು?"

ಖರೆ ಹೇಳತೇನಿ, ನಾ ಈ ಪ್ರಶ್ನಿಗೆ ಎಷ್ಟೋ ದಿನದಿಂದ ಉತ್ತರ ಹುಡುಕತಿದ್ದೆ. ಕೇಳಿದಾಗ ಹುಡಕೂ ಕೆಲಸ ಬೀಳಲಿಲ್ಲ. "ಇಲ್ರಿ, ಇಟಗೊಳ್ಳೂದಿಲ್ಲ" ಅಂದೆ.

ಅವ ನನ್ನ ಸೀರಿ ಅಂಚಿನ ಕೆಳಗ ಕಾಲಿಲ್ಲದ ಕಡೆ ನೋಡಿದ. ಪಾಪ, ಒಳ್ಳೆ ಮನಿಶ್ಯಾ ಇದ್ದ. ಪೆನ್ನು ಎತ್ತಿ ಹಿಡದು ಬರೀಲಿಲ್ಲ. "ಒಮ್ಮೆ ವಿಚಾರ ಮಾಡ್ರಿ ಅಕ್ಕಾರ" ಅಂದ. "ತಾಯಿ ಸತ್ತಾಳ, ತಮ್ಮ ಹೊರಗ ಹಾಕ್ಯಾನ. ನೀವೂ ಬ್ಯಾಡ ಅಂದ್ರ ಆ ಮನಿಶ್ಯಾಗ ಯಾರೂ ಇಲ್ಲದಂಗ ಆಗತೈತಿ."

"ಹೌದ್ರಿ" ಅಂದೆ. "ಅವಗ ಯಾರೂ ಇಲ್ಲ. ಹಂಗ ಬರಕೋರಿ."

ಮಲ್ಲಮ್ಮ